ಮಹಡಿ ಮನೆಯ ಕೈತುತ್ತು

ಭೀಮರಾಜನಿಗೆ ಸೊಕ್ಕು ಎಂದು ಯಾರಾದರೂ ಹೇಳಿದ್ದರೆ ಕೊಡಿಗೇಹಳ್ಳಿಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಜಗಳ ಕಂಡರೆ ನಾಲ್ಕು ಮಾರು ದೂರ ನಿಲ್ಲುವ ಆಸಾಮಿ. ತನ್ನ ಪೈಪು, ನಲ್ಲಿಗಳ ಅಂಗಡಿಯಲ್ಲಿ ಗಿರಾಕಿಗಳು ದಬಾಯಿಸಿದರೂ ತಲೆ ಕೆರೆದುಕೊಂಡು ನಗುವವನು. ಅಂಥವನನ್ನು, ಅವನ ಮನೆಯ ಮೂರನೇ ಮಹಡಿಗೆ ಬಾಡಿಗೆಗೆ ಬಂದ ಇಥಿಯೋಪಿಯಾದ ಹಿರುತ್ ಮಾತ್ರ ಹದಿನೆಂಟು ದಿನ ಮಹಾ ಜಂಭದವನೆಂದೇ ತಿಳಿದುಕೊಂಡಿದ್ದಳು.

ಆಗಿದ್ದಿಷ್ಟು. ಬೆಳಗ್ಗೆ ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುವ ಹೊತ್ತಿಗೆ ಇವನು ನೀರಿನ ಮೋಟರ್ ಹಾಕಲು ಹೊರಗೆ ಬರುತ್ತಿದ್ದ. ಹೆಂಗಸರನ್ನು ಮಾತಾಡಿಸಲು ಬೇರೆ ಮಾತು ಬರದ ಪುಣ್ಯಾತ್ಮ, "ತಿಂಡಿ ಆಯ್ತಾ?" ಎನ್ನುತ್ತಿದ್ದ. ಸಂಜೆಯಾದರೆ "ಊಟ ಆಯ್ತಾ?" ಎನ್ನುತ್ತಿದ್ದ. ಅವಳು ನಿಂತು, ಕ್ಷಣ ಯೋಚಿಸಿ, "ಇಲ್ಲ" ಎಂದು ಹೇಳಿ ಕಾಯುತ್ತಿದ್ದಳು. ಇವನು "ಸರಿ ಸರಿ, ಮಾಡಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದ.

ಹತ್ತೊಂಬತ್ತನೆಯ ದಿನ ಅವಳು ಬಾಗಿಲಿಗೆ ಅಡ್ಡ ಕೈಯಿಟ್ಟಳು.

"ಓನರ್, ಒಂದು ಮಾತು ಏಳ್ಲಾ? ದಿನಾ ಕೇಳ್ತೀರ. ದಿನಾ ನಾನು ಇಲ್ಲ ಅಂತೀನಿ. ನೀವು ಬಾಗ್ಲು ಆಕ್ಕೊಂಡು ಒಳಗೆ ಓಗಿ ಉಣ್ತೀರ. ಕೊಡಾಕಿಲ್ಲ ಅಂದ್ಮೇಲೆ ಯಾಕ್ ಕೇಳ್ಬೇಕು?"

ಭೀಮರಾಜನಿಗೆ ಮೊದಲು ಬೆರಗಾಗಿದ್ದು ಅವಳ ಕನ್ನಡ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಗಿಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಅವಳು, ತನ್ನ ರಾಗಿ ತಾಕಿನಲ್ಲಿ ಕಳೆ ಕೀಳಲು ಬರುವ ಹೆಂಗಸರ ಜೊತೆ ನಾಲ್ಕು ವರ್ಷ ಕೂತು ಮಾತು ಕಲಿತಿದ್ದಳು. ಹಕಾರ ಅವರ ಬಾಯಲ್ಲೇ ಇರಲಿಲ್ಲ, ಇವಳಿಗೆಲ್ಲಿಂದ ಬರಬೇಕು.

"ಅಯ್ಯೋ, ಅದು ಸುಮ್ನೆ ಕೇಳೋ ಮಾತು ಕಣ್ರೀ," ಎಂದ. "ನಮಸ್ಕಾರ ಅಂತೀವಲ್ಲ, ಹಂಗೆ."

"ಊಟ ಇಲ್ದೆ ಇರೋ ಊಟದ ನಮಸ್ಕಾರ," ಎಂದಳು. ಅವಳ ತುಟಿಯ ಎಡಮೂಲೆ ಸ್ವಲ್ಪವೇ ಮೇಲೆ ಹೋಯಿತು. ನಗು ಪೂರ್ತಿ ಬರಲಿಲ್ಲ, ಬರುವುದರಲ್ಲಿತ್ತು. "ನಮ್ಮೂರಾಗೆ ತಿನ್ನೋವಾಗ ಯಾರು ಬಂದ್ರೂ ಎನ್ನಿಬ್ಲಾ ಅಂತೀವಿ. ಬನ್ನಿ, ಕೂಡಿ ತಿನ್ನಾನ ಅಂತ. ಬಾಗ್ಲು ಆಕ್ಕೊಂಡು ಒಬ್ರೇ ತಿನ್ನೋದು ಕಳ್ರು. ನೀವು ಯಾರ್ ಜೊತೆ ಉಣ್ತೀರ?"

"ಯಾರ್ ಜೊತೆನೂ ಇಲ್ಲ."

ಆ ಮಾತು ಅವನಿಗೇ ವಿಚಿತ್ರವಾಗಿ ಕೇಳಿಸಿತು. ತಾಯಿ ಮುನಿವೆಂಕಟಮ್ಮ ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದರು. ಅವರ ಸೇವೆಯಲ್ಲೇ ಮುಳುಗಿ, ಬಂದ ಮದುವೆ ಸಂಬಂಧಗಳೆಲ್ಲ ಬಂದ ದಾರಿಯಲ್ಲೇ ಹೋದವು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು, ಇವನಿಗೆ ಮೂವತ್ತೆಂಟು. ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡೇ, ಪಾತ್ರೆಯಿಂದಲೇ ಉಂಡು ಮುಗಿಸುತ್ತಿದ್ದ. ಅದು ದುಃಖ ಎಂದು ಅದುವರೆಗೆ ಅವನಿಗೆ ಯಾರೂ ಹೇಳಿರಲಿಲ್ಲ.

ಹಿರುತ್ ಹೇಳಲೂ ಇಲ್ಲ. "ಭಾನುವಾರ ಮೇಲಕ್ಕೆ ಬನ್ನಿ," ಎಂದು ಮೆಟ್ಟಿಲು ಹತ್ತಿದಳು.

ಭಾನುವಾರ ಹೋದ. ಬಾಗಿಲಲ್ಲೇ ಅವಳು ಚೊಂಬಿನಿಂದ ಅವನ ಕೈಗೆ ನೀರು ಹೊಯ್ದಳು. "ನಾನೇ ತೊಳ್ಕೋತೀನಿ ಬಿಡಿ" ಎಂದರೆ ಕೇಳಲಿಲ್ಲ, ಅತಿಥಿಯ ಕೈಗೆ ಮನೆಯವರೇ ನೀರು ಹಾಕಬೇಕಂತೆ. ನೀರು ಹೊಯ್ಯುವಾಗ ಅವಳ ಕಣ್ಣು ನೀರಿನ ಮೇಲೇ ಇತ್ತು. ಇವನ ಕಣ್ಣು ಎಲ್ಲಿತ್ತು ಎನ್ನುವುದನ್ನು ಕೇಳಬೇಡಿ.

ನೆಲದ ಮೇಲೆ ಒಂದೇ ಒಂದು ದೊಡ್ಡ ತಟ್ಟೆ. ಅದರ ತುಂಬ ಹಾಸಿದ್ದ ಇಂಜೆರಾ, ನಮ್ಮ ದೋಸೆಯ ದೂರದ ನೆಂಟ, ಹುಳಿ ಹುಳಿ, ಮೆತ್ತಗೆ. ಅವರ ಕಡೆಯ ತೆಫ್ ಧಾನ್ಯ ಬೆಂಗಳೂರಿನಲ್ಲಿ ಸಿಗದೆ, ರಾಗಿ ಹಿಟ್ಟನ್ನೇ ಮೂರು ದಿನ ಹುಳಿ ಬರಿಸಿ ಮಾಡಿದ್ದಳು. ಮೇಲೆ ಕೆಂಪಗೆ ಬೇಳೆ, ಕಡಲೆಹಿಟ್ಟಿನ ಗೊಜ್ಜು, ಎಲೆಕೋಸು.

"ನಿಮ್ ತಟ್ಟೆ ಎಲ್ಲಿ?" ಎಂದ.

"ಇದೇ. ಇಬ್ರದ್ದೂ."

ಅವನು ಅಂಚಿನಲ್ಲಿ ಹೆದರಿ ಹೆದರಿ ಒಂದು ಚೂರು ಮುರಿದ. ಆಗ ಹಿರುತ್ ಇಂಜೆರಾದಲ್ಲಿ ಬೇಳೆ ಸುತ್ತಿ, ದೊಡ್ಡ ತುತ್ತು ಮಾಡಿ, ಕೈ ಚಾಚಿ ಅವನ ಬಾಯಿಯ ಹತ್ತಿರ ತಂದಳು. ಅವನು ಗಾಬರಿಯಾಗಿ ಬಾಯಿ ತೆರೆದ. ಬೆರಳ ತುದಿ ತುಟಿಗೆ ತಾಗಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಖಾರಕ್ಕೇ ಬಂತು ಎಂದುಕೊಂಡ. ನುಂಗುವಷ್ಟರಲ್ಲಿ ಎರಡನೆಯ ತುತ್ತು ಬಂತು, ಒಂದಕ್ಕೇ ನಿಲ್ಲಿಸಬಾರದಂತೆ.

ಭೀಮರಾಜನಿಗೆ ಗೊತ್ತಿದ್ದಂತೆ ದೊಡ್ಡ ಗಂಡಸಿನ ಬಾಯಿಗೆ ಒಂದು ಹೆಣ್ಣು ಕೈತುತ್ತು ಇಡುವುದು ಒಂದೇ ಒಂದು ಸಲ, ಮದುವೆಯ ದಿನ ಬೂವದ ಊಟದಲ್ಲಿ. ಅವತ್ತು ಕೆಳಗಿಳಿದು ಬಂದವನು ಮೋಟರ್ ಆಫ್ ಮಾಡುವುದನ್ನು ಮರೆತ. ಟ್ಯಾಂಕು ತುಂಬಿ ನೀರೆಲ್ಲ ರಸ್ತೆಗೆ ಹರಿಯಿತು. ವಾಚ್‌ಮನ್ ಲಕ್ಕಣ್ಣ ಬಂದು "ಏನ್ ಬುದ್ಧಿ, ಉಷಾರಿಲ್ವಾ?" ಎಂದು ಕೇಳಿದ.

ಆ ವಾರವೆಲ್ಲ ಅವನು ನೆಲದ ಮೇಲಿರಲಿಲ್ಲ. ಅರ್ಧ ಇಂಚಿನ ನಲ್ಲಿ ಕೇಳಿದವರಿಗೆ ಮುಕ್ಕಾಲು ಇಂಚಿನದು ಕೊಟ್ಟ. ಮುಂದಿನ ಭಾನುವಾರ ಹೊಸ ಷರಟು ತೊಟ್ಟು, ಮೀಸೆ ನೀಟಾಗಿ ಕತ್ತರಿಸಿಕೊಂಡು ಮೇಲೆ ಹೋದ.

ಬಾಗಿಲು ತೆರೆದೇ ಇತ್ತು. ಒಳಗೆ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಲಕ್ಕಣ್ಣನ ಬೊಚ್ಚು ಬಾಯಿಗೆ ಹಿರುತ್ ತುತ್ತಿಡುತ್ತಿದ್ದಳು. ಪಕ್ಕದಲ್ಲಿ ಕೂತಿದ್ದವಳು ಅವಳ ಲ್ಯಾಬಿನ ಗೆಳತಿ, ಆರ್.ಟಿ. ನಗರದ ರುಖ್ಸಾರ್. ಅವಳ ಕೆನ್ನೆ ಆಗಲೇ ಉಬ್ಬಿತ್ತು.

"ಬನ್ನಿ ಭೀಮಣ್ಣ," ಎಂದಳು ರುಖ್ಸಾರ್ ತುತ್ತು ನುಂಗಿ. "ಇದು ಗುರ್ಷಾ ಅಂತ. ಪ್ರೀತಿ ಇರೋರಿಗೆಲ್ಲ ಕೊಡ್ತಾಳೆ. ನಮ್ ಪ್ರೊಫೆಸರ್ ಬಾಯಿಗೂ ಇಟ್ಟಿದಾಳೆ, ಪಾಪ, ಅವ್ರಿಗೆ ಮಾತೇ ಹೊರಡ್ಲಿಲ್ಲ. ನಮ್ಮನೇಲಿ ಅಬ್ಬಾಗೂ ಅಷ್ಟೇ. ಪೈಗಂಬರರ ಕಾಲದಲ್ಲಿ ನಮ್ಮವ್ರಿಗೆ ಆಸರೆ ಕೊಟ್ಟಿದ್ದು ಹಬಶಾ, ಅಂದ್ರೆ ಇವಳ ದೇಶದ ರಾಜ, ಅವ್ರ ಕೈಯಿಂದ ಬಂದಿದ್ದು ಬೇಡ ಅನ್ಬಾರ್ದು ಅಂತ ಅಬ್ಬಾ ಬಾಯಿ ತೆರೆದೇಬಿಟ್ರು."

ಭೀಮರಾಜ ನಕ್ಕ. ಕೂತ. ಅವನ ಪಾಲಿನ ತುತ್ತೂ ಬಂತು, ಎರಡು ಸಲ. ರುಚಿ ಹೋದ ವಾರದ್ದೇ. ಆದರೆ ಒಳಗೆಲ್ಲೋ ಪಿಚ್ಚೆಂದಿತು. ಇಡೀ ವಾರ ತಾನೊಬ್ಬನೇ ಕಟ್ಟಿಕೊಂಡಿದ್ದ ಮನೆಯ ಬಾಗಿಲಲ್ಲಿ ಲಕ್ಕಣ್ಣ ಬೀಡಿ ಸೇದುತ್ತ ಕೂತಿದ್ದಾನೆ ಎನ್ನಿಸಿತು. ಆದರೂ ಹೋಗುವುದನ್ನು ಬಿಡಲಿಲ್ಲ. ಪ್ರೀತಿ ಬಂದಾಗಿತ್ತು, ಅವಳ ಕಡೆಯಿಂದ ಇಲ್ಲ ಎಂದು ಗೊತ್ತಾದ ಮಾತ್ರಕ್ಕೆ ವಾಪಸು ಹೋಗುವಂಥದಲ್ಲ ಅದು.

ಫೆಬ್ರವರಿಯಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ಅವಳ ಉಪವಾಸ ಶುರುವಾಯಿತು. ಅದು ತಿಳಿಯದೆ ಇವನು ಶ್ಯಾವಿಗೆ ಪಾಯಸ ಮಾಡಿಕೊಂಡು ಹೋಗಿದ್ದ, ಜೀವನದಲ್ಲಿ ಮೊದಲ ಸಲ.

"ಆಲು ಐತಾ ಇದ್ರಾಗೆ?"

"ಹಾಲಿಲ್ದೆ ಪಾಯಸ ಆಗತ್ತೇನ್ರೀ?"

"ಐವತ್ತೈದು ದಿನ ಆಲಿಲ್ಲ, ತುಪ್ಪ ಇಲ್ಲ, ಮೊಟ್ಟೆ, ಮಾಂಸ ಇಲ್ಲ. ಕೆಲಸದ ದಿನ ಮಧ್ಯಾನ ಮೂರು ಗಂಟೆ ತನಕ ನೀರೂ ಇಲ್ಲ." ಪಾತ್ರೆಯ ಮುಚ್ಚಳ ತೆಗೆದು ಆಸೆಯಿಂದ ವಾಸನೆ ನೋಡಿ ಮತ್ತೆ ಮುಚ್ಚಿದಳು. "ಲಕ್ಕಣ್ಣಂಗೆ ಕೊಡಿ. ನನ್ನ ಎಸರೇಳಿ ಕೊಡಿ."

ನಮ್ಮಲ್ಲಿ ಉಪವಾಸವೆಂದರೆ ಹಾಲು ಹಣ್ಣು, ಅವಲಕ್ಕಿ, ಸಜ್ಜಿಗೆ, ಎಲ್ಲ ಸೇರಿ ಊಟಕ್ಕಿಂತ ಒಂದು ಕೈ ಹೆಚ್ಚೇ. ಇದು ಬೇರೆ ಥರ. ಆಗ ಅವಳು ಥೀಸಿಸ್ ಬರೆಯುತ್ತ ಮನೆಯಲ್ಲೇ ಇರುತ್ತಿದ್ದಳು. ಮೂರು ಗಂಟೆಗೆ ಒಬ್ಬಳೇ ಉಣ್ಣಬಾರದಲ್ಲ ಎಂದು ಭೀಮರಾಜ ಅಂಗಡಿಯ ಷಟರ್ ಎಳೆದು ಬರತೊಡಗಿದ. ಬರುಬರುತ್ತ ಅವನೂ ಮೂರರವರೆಗೆ ಏನೂ ತಿನ್ನದಾದ. ಅದನ್ನು ಅವಳಿಗೆ ಹೇಳಲಿಲ್ಲ. ಒಂದು ದಿನ ಅವನು ಗಬಗಬ ಉಣ್ಣುವುದನ್ನು ನೋಡಿ ಅವಳೇ ಕಂಡುಹಿಡಿದಳು.

"ನೀವ್ಯಾಕೆ?" ಎಂದಳು. ದನಿ ತೀರ ಸಣ್ಣದಾಗಿತ್ತು.

"ಸುಮ್ನೆ. ಜೊತೆಗೆ."

ಅವಳು ಅವನನ್ನು ನೋಡುತ್ತಲೇ ತುತ್ತು ಸುತ್ತಿದಳು. ಅವತ್ತಿನ ತುತ್ತು ಎಂದಿನದಕ್ಕಿಂತ ದೊಡ್ಡದಿತ್ತು ಎಂದು ಭೀಮರಾಜನಿಗೆ ಇವತ್ತಿಗೂ ಅನುಮಾನ.

ಭಾನುವಾರ ಬೆಳಗ್ಗೆ ಅವಳನ್ನು ಸ್ಕೂಟರಿನಲ್ಲಿ ಚರ್ಚಿಗೆ ಬಿಡುವುದೂ ಅವನ ಪಾಲಿಗೆ ಬಂತು. ಮಲಯಾಳಿಗಳ ಹಳೆಯ ಚರ್ಚೊಂದನ್ನು ಎರಡು ಗಂಟೆ ಹೊತ್ತು ಈ ಇಥಿಯೋಪಿಯಾದವರಿಗೆ ಬಿಟ್ಟುಕೊಡುತ್ತಿದ್ದರು. ಎಲ್ಲರೂ ಬಿಳಿ ಶಾಲು ಹೊದ್ದು, ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಹೋಗುವುದನ್ನು ನೋಡಿ, ನಮ್ಮ ಮಾರಮ್ಮನ ಗುಡಿಗೂ ಹೀಗೇ ಅಲ್ಲವೇ ಹೋಗುವುದು ಎಂದುಕೊಂಡ. ಹಿರುತ್ ಮಾತ್ರ ಒಳಗೆ ಹೋಗಲಿಲ್ಲ. ಹೊರಗಿನ ಗೋಡೆಗೆ ಮುತ್ತಿಟ್ಟು, ಅಲ್ಲೇ ಬಿಸಿಲಿನಲ್ಲಿ ಎರಡು ಗಂಟೆ ನಿಂತಳು.

ಮೂರು ಭಾನುವಾರ ನೋಡಿದ ಮೇಲೆ ಕೇಳಿದ. "ಒಳಗ್ಯಾಕ್ ಹೋಗಲ್ಲ?"

ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತ ಹೇಳಿದಳು. ಎಂಟು ತಿಂಗಳ ಹಿಂದೆ ಅಮ್ಮ ಫೋನಿನಲ್ಲಿ ಓದು ಸಾಕು, ಬಂದು ಮದುವೆಯಾಗು ಎಂದಿದ್ದಳು. ನನ್ನ ಬದುಕಿಗೆ ನೀನ್ಯಾರು ಎಂದು ಇವಳು ಫೋನ್ ಕುಕ್ಕಿದ್ದಳು. ಅದಾದ ನಾಲ್ಕೇ ದಿನಕ್ಕೆ ಗೊಜ್ಜಾಂ ಎಂಬ ಅವರ ಸೀಮೆಯಲ್ಲಿ ಗುಂಡಿನ ಗಲಾಟೆ ಶುರುವಾಗಿ ಫೋನ್ ಲೈನೆಲ್ಲ ಹೋಯಿತು. ಅಮ್ಮ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ಒಂದು ಸುದ್ದಿಯಿಲ್ಲ.

"ತಾಯಿ ಜೊತೆ ಜಗಳ ಇಟ್ಕೊಂಡು ಎಂಗೆ ಒಳಗೆ ಓಗ್ಲಿ? ಒರಗೆ ನಿಂತ್ರೂ ದೇವ್ರಿಗೆ ಕಾಣ್ತೀನಿ. ಅಷ್ಟು ಸಾಕು."

ಮುಂದಿನ ವಾರದಿಂದ ಸ್ಕೂಟರ್ ನಿಲ್ಲಿಸಿ ಅವನೂ ಚಪ್ಪಲಿ ಬಿಟ್ಟು, ಅವಳಿಂದ ಎರಡು ಮಾರು ದೂರದಲ್ಲಿ ಗೋಡೆಗೊರಗಿ ನಿಂತ. ತನ್ನ ತಾಯಿಯ ದನಿ ಮತ್ತೊಮ್ಮೆ ಕೇಳುವ ದಾರಿ ತನಗಂತೂ ಇಲ್ಲ, ಇವಳಿಗಾದರೂ ಇರಲಪ್ಪ ಎಂದು ಬೇಡಿಕೊಂಡ.

ಮಾರ್ಚ್ ಕೊನೆಯಲ್ಲಿ ಭೀಮರಾಜನ ಚಿಕ್ಕಪ್ಪನ ಮಗ ಸತೀಶನ ಮದುವೆ ಬಂತು, ಯಲಹಂಕದ ಛತ್ರದಲ್ಲಿ. ಹಿರುತ್ ಸೀರೆಯುಟ್ಟು ಬಂದಳು. ಉಡಿಸಿದ್ದು ರುಖ್ಸಾರ್. ಭೀಮರಾಜ ಬಡಿಸುವ ಬಕೆಟ್ಟು ಹಿಡಿದು ಎರಡು ಪಂಕ್ತಿ ದಾಟಿ ಹೋದವನು, ಅವಳನ್ನು ನೋಡಿ ಮೂರನೇ ಪಂಕ್ತಿಗೆ ಹುಳಿಯ ಬದಲು ಬರೀ ಸೌಟು ತೋರಿಸಿಕೊಂಡು ಹೋದ.

ಧಾರೆ ಮುಗಿದು ಬೂವಕ್ಕೆ ಕೂರಿಸಿದರು. ಒಂದೇ ದೊಡ್ಡ ತಟ್ಟೆಯಲ್ಲಿ ಅನ್ನ, ತುಪ್ಪ, ಸಿಹಿ. ಹೆಂಗಸರು ಕೀಟಲೆ ಮಾಡುತ್ತ ಮದುಮಗಳ ಕೈ ಹಿಡಿದು ಸತೀಶನ ಬಾಯಿಗೆ ತುತ್ತು ಇಡಿಸಿದರು. ಹಿರುತ್ ಕಣ್ಣರಳಿಸಿ ನೋಡುತ್ತಿದ್ದಳು. ಪಕ್ಕದಲ್ಲಿದ್ದ ಭೀಮರಾಜನ ತಂಗಿ ಶಾಂತಲಾಳನ್ನು ಏನೋ ಕೇಳಿದಳು, ಶಾಂತಲಾ ನಗುತ್ತ ಏನೋ ಹೇಳಿದಳು. ಹಿರುತ್‌ಳ ಮುಖದ ಬಣ್ಣವೇ ಬದಲಾಯಿತು.

ಅವತ್ತಿನಿಂದ ಅವನಿಗೆ ತುತ್ತು ನಿಂತುಹೋಯಿತು. ಊಟಕ್ಕೆ ಕರೆಯುತ್ತಿದ್ದಳು, ಕೈಗೆ ನೀರು ಹಾಕುತ್ತಿದ್ದಳು, ತಟ್ಟೆ ಒಂದೇ. ಲಕ್ಕಣ್ಣನಿಗೆ ಕೊಡುತ್ತಿದ್ದಳು, ರುಖ್ಸಾರಳಿಗೆ ಕೊಡುತ್ತಿದ್ದಳು. ಭೀಮರಾಜನ ಸರದಿ ಬಂದಾಗ ಅವಳ ಕೈ ತಟ್ಟೆಯ ಮೇಲೆ ಒಂದು ಗಳಿಗೆ ತಡೆದು, ತನ್ನ ಬಾಯಿಗೇ ಹೋಗುತ್ತಿತ್ತು. ಅವಳು ತಲೆ ಎತ್ತುತ್ತಿರಲಿಲ್ಲ. ತಾನೇನು ತಪ್ಪು ಮಾಡಿದೆ ಎಂದು ಅವನು ದಿನವಿಡೀ ತಲೆ ಕೆಡಿಸಿಕೊಂಡ. ಎಲ್ಲರಿಗೂ ಕೊಡುವುದರಲ್ಲಿ ತನಗೂ ಒಂದು ಎಂದು ನೊಂದುಕೊಂಡಿದ್ದವನಿಗೆ ಈಗ ಅದೂ ಇಲ್ಲ. ಹಸಿವೆ ಎಂದರೆ ಹೀಗೂ ಇರುತ್ತದೆ ಎಂದು ಗೊತ್ತಾಯಿತು.

ಈಸ್ಟರ್ ಬಂತು, ಉಪವಾಸ ಮುಗಿಯಿತು, ವೈವಾ ಮುಗಿಯಿತು. ಮೇ ಹನ್ನೊಂದಕ್ಕೆ ಟಿಕೆಟ್ ಆಯಿತು. ಅಡಿಸ್ ಅಬಾಬಾ ತಲುಪಿ, ಅಲ್ಲಿಂದ ಬಸ್ಸು ಹೋಗುವಷ್ಟು ದೂರ ಹೋಗಿ, ಆಮೇಲೆ ನಡೆದಾದರೂ ಅಮ್ಮನನ್ನು ಹುಡುಕುತ್ತೇನೆ ಎಂದಳು.

ಹೊರಡುವ ಹಿಂದಿನ ಮಧ್ಯಾಹ್ನ ಬೀಳ್ಕೊಡುಗೆ ಊಟ. ಅವಳು ಎಲ್ಲರಿಗೂ ಎರಡೆರಡು ತುತ್ತು ಕೊಟ್ಟಳು. ಲಕ್ಕಣ್ಣ ಅತ್ತ. ರುಖ್ಸಾರ್ ಅತ್ತಳು. ಭೀಮರಾಜನನ್ನು ಬಿಟ್ಟು ಅವಳ ಕೈ ಮುಂದಕ್ಕೆ ಹೋಯಿತು. ಅವನು ಅರ್ಧಕ್ಕೇ ಎದ್ದು, "ಅಂಗಡಿಗೆ ಯಾರೋ ಬಂದಿದಾರೆ" ಎಂದು ಸುಳ್ಳು ಹೇಳಿ ಕೆಳಗಿಳಿದ.

ಹತ್ತು ನಿಮಿಷಕ್ಕೆ ಅವಳು ಅವನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಕಟ್ಟೆಗೆ ಒರಗಿ, ನಿಂತುಕೊಂಡೇ, ಮುದ್ದೆ ಮುರಿಯುತ್ತಿದ್ದ.

"ಕೂತ್ಕೊಳ್ಳಿ ಓನರ್," ಎಂದು ಅವಳೇ ನೆಲದ ಮೇಲೆ ಕೂತಳು.

ಅವನು ಕೂರಲಿಲ್ಲ. "ಒಂದ್ ಮಾತ್ ಕೇಳ್ತೀನಿ. ನಾನೇನ್ ಮಾಡ್ದೆ? ಎಲ್ರಿಗೂ ಕೊಡ್ತೀರ. ನನಗೊಬ್ಬನಿಗೇ ಯಾಕಿಲ್ಲ?"

"ಮದ್ವೇಲಿ ನಿಮ್ ತಂಗೀನ ಕೇಳ್ದೆ, ಇದನ್ನ ಯಾರ್ಯಾರಿಗೆ ಕೊಡ್ತೀರ ಅಂತ. ಗಂಡಂಗೆ ಬಿಟ್ಟು ಇನ್ಯಾರಿಗ್ ಕೊಡಕ್ಕಾಗತ್ತೆ ಅಂದ್ರು." ಅವಳು ತನ್ನ ಅಂಗೈ ನೋಡಿಕೊಂಡಳು. "ಅಲ್ಲೀ ತನಕ ನಾನು ನಮ್ಮೂರಿನ ಥರ ಕೊಡ್ತಿದ್ದೆ. ನೀವು ನಿಮ್ಮೂರಿನ ಥರ ತಿಂತಿದ್ರಿ. ಅವತ್ತು ಗೊತ್ತಾಯ್ತು."

"ಗೊತ್ತಾಗಿ ನಾಚ್ಕೆ ಆಯ್ತಾ?"

"ಇಲ್ಲ. ಲಕ್ಕಣ್ಣಂಗೆ ಈಗ್ಲೂ ನಮ್ಮೂರಿನ ಥರ ಕೊಡ್ಬೋದು. ನಿಮಗೆ ಆಗಾಕಿಲ್ಲ. ಕೈ ಎತ್ತಿದ್ರೆ ಅದು ನಿಮ್ಮೂರಿನದೇ ಆಗ್ತೈತೆ."

ಭೀಮರಾಜ ನಿಂತಲ್ಲೇ ನಿಂತ. ಮೂವತ್ತೆಂಟು ವರ್ಷ ಯಾರಿಗೂ ಹೇಳದೆ ಉಳಿದಿದ್ದ ಮಾತು ಆಗ ಬಂತು, ಅದೂ ಮುದ್ದೆಯ ಕೈಯಲ್ಲಿ. "ನನಗೆ ನಿಮ್ಮನ್ನ ಬಿಟ್ಟಿರಕ್ಕೆ ಆಗಲ್ಲ, ಹಿರುತ್. ನಿಮ್ಮ ಮೇಲೆ ನನಗೆ ಪ್ರೀತಿ ಇದೆ. ಕೊಡಿ. ನಮ್ಮೂರಿನದೇ ಆಗ್ಲಿ."

ಅವಳ ಕಣ್ಣು ತುಂಬಿತು. ಅವನ ಕೈಲಿದ್ದ ತಟ್ಟೆಯತ್ತ ಎತ್ತಿದ ಕೈ ಅರ್ಧಕ್ಕೇ ನಿಂತಿತು.

"ನನಗೂ ಐತೆ. ಆದ್ರೆ ಅಮ್ಮಂಗೆ ಏಳ್ದೆ ಎಂಗೆ ಮದುವೆ ಎಣ್ಣಾಗ್ಲಿ? ನೀನ್ಯಾರು ಅಂದಿದ್ದೇ ಕೊನೆ ಮಾತು. ಇದನ್ನೂ ಕೇಳ್ದೆ ಮಾಡ್ಬಿಟ್ರೆ, ಅವ್ಳು ಬದುಕಿದ್ರೂ ಸತ್ತಿದ್ರೂ ನಾನು ಗೋಡೆ ಒರಗೇ ಇರ್ತೀನಿ. ಅವಳ ದನಿ ಕೇಳೋ ತನಕ ಕೇಳ್ಬೇಡಿ."

ಹಟ ಮಾಡಿದ್ದರೆ ಅವಳು ಕೊಟ್ಟೇಬಿಡುತ್ತಿದ್ದಳೇನೋ. ಅದು ಅವನಿಗೂ ಕಂಡಿತು. ಆಸೆ ಎಷ್ಟಿತ್ತೋ ಅಷ್ಟನ್ನೂ ನುಂಗಿಕೊಂಡು, ತಟ್ಟೆಯನ್ನು ನೆಲದ ಮೇಲಿಟ್ಟು, ಅವಳ ಎದುರಿಗೆ ಕೂತ. "ಊಟ ಮಾಡೋಣ," ಎಂದ.

ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಉಂಡರು. ಅವಳ ಕೈ ಅವಳ ಬಾಯಿಗೆ, ಅವನ ಕೈ ಅವನ ಬಾಯಿಗೆ. ಸಾರು ಮುಗಿಯುವವರೆಗೂ ಎದ್ದೇಳಲಿಲ್ಲ.

ಮರುದಿನ ದೇವನಹಳ್ಳಿಗೆ ಬಿಟ್ಟು ಬಂದ. ಏರ್‌ಪೋರ್ಟಿನ ಗಾಜಿನ ಬಾಗಿಲಲ್ಲಿ ಅವಳು ಒಮ್ಮೆ ತಿರುಗಿ ನೋಡಿ ಶಾಲು ತಲೆಯ ಮೇಲೆ ಎಳೆದುಕೊಂಡಳು. ಅಡಿಸ್ ಅಬಾಬಾ ತಲುಪಿದ್ದೇನೆ, ನಾಳೆ ಬಸ್ಸು ಎಂದು ಮೆಸೇಜು ಬಂತು. ಆಮೇಲೆ ಏನೂ ಬರಲಿಲ್ಲ.

ಮೂರನೇ ಮಹಡಿಯನ್ನು ಅವನು ಯಾರಿಗೂ ಕೊಡಲಿಲ್ಲ. ಕೇಳಿಕೊಂಡು ಬಂದವರಿಗೆ ರಿಪೇರಿ ಇದೆ ಎಂದ. ಫೋನನ್ನು ಷರಟಿನ ಜೇಬಿನಿಂದ ತೆಗೆದು ನೋಡುವುದು, ಇಡುವುದು, ಇದೇ ಕೆಲಸವಾಯಿತು. ಮಳೆ ಶುರುವಾಯಿತು. ಮೂವತ್ತು ದಿನ, ನಲವತ್ತು ದಿನ. ಗೋಡೆಯ ಹೊರಗೆ ನಿಂತು ಕಾಯುವುದೆಂದರೆ ಏನೆಂದು ಅವನಿಗೆ ಚೆನ್ನಾಗಿ ಅರ್ಥವಾಯಿತು. ಊಟದ ಹೊತ್ತಿಗೆ ಗೇಟಿನಿಂದ ಲಕ್ಕಣ್ಣನನ್ನು ಕೂಗುತ್ತಿದ್ದ. ಇಬ್ಬರೂ ಕೂತು ಉಣ್ಣುತ್ತಿದ್ದರು, ಅವಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಐವತ್ತಮೂರನೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಅಂಗಡಿಯಲ್ಲಿ ಪೈಪು ಕೊಯ್ಯುತ್ತಿದ್ದಾಗ ಫೋನ್ ಬಂತು. ಗೊತ್ತಿಲ್ಲದ ಉದ್ದನೆಯ ನಂಬರು. ಎತ್ತಿದರೆ ಗೊರಗೊರ ಸದ್ದು.

"ಓನರ್."

ಅವನ ಕೈಯಿಂದ ಗರಗಸ ಜಾರಿತು. "ಹೇಳಿ, ಹೇಳಿ. ಎಲ್ಲಿದೀರ?"

"ಅಮ್ಮ ಸಿಕ್ಕಿದ್ಲು. ಊರು ಬಿಟ್ಟು ಅವಳ ಅಕ್ಕನ ಮನೇಲಿದ್ಲು. ಕಾಲು ಸ್ವಲ್ಪ ಕುಂಟು, ಬೇರೆ ಏನಿಲ್ಲ. ಬೈದ್ಲು, ಒಡೆದ್ಲು, ಆಮೇಲೆ ತಬ್ಕೊಂಡ್ಲು. ಇವತ್ತು ಪೇಟೆಗೆ ಬಂದಿದೀವಿ, ಇಲ್ಲಿ ಮಾತ್ರ ಲೈನು. ಪಕ್ಕದಾಗೇ ಅವ್ಳೆ. ನಿಮ್ ವಿಷ್ಯ ಎಲ್ಲ ಏಳಿದೀನಿ."

"ಏನಂದ್ರು?" ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಮೊದ್ಲು ಯಾವ ದೇವ್ರು ಅಂತ ಕೇಳಿದ್ಲು. ಊರ ಬಾಗಿಲಾಗೆ ಕೂತು ಊರು ಕಾಯೋ ಒಬ್ಳು ತಾಯಿ ಅಂದೆ. ಅದುಕ್ಕೆ ಏನೂ ಅನ್ಲಿಲ್ಲ. ಆಮೇಲೆ, ನನ್ನ ಜೊತೆ ಉಪವಾಸ ಮಾಡಿದ್ದು ಏಳ್ದೆ. ತಡೀರಿ, ಏನೋ ಅಂತಾವ್ಳೆ."

ಆ ಕಡೆ ಇನ್ನೊಂದು ದನಿ ಬಂತು. ವಯಸ್ಸಾದ, ಗಟ್ಟಿಯಾದ, ಅಪ್ಪಣೆ ಮಾಡಿ ಅಭ್ಯಾಸವಿರುವ ದನಿ. ಹಿರುತ್ ಏನೋ ಹೇಳಿದಳು. ಮತ್ತೆ ಆ ದನಿ. ಅರ್ಥವಾಗದ ಆ ಭಾಷೆಯ ನಡುವೆ ತನ್ನ ಹೆಸರು ಎರಡು ಸಲ ಬಂದದ್ದು ಮಾತ್ರ ಅವನಿಗೆ ತಿಳಿಯಿತು. ಗಿರಾಕಿ "ರೀ, ನಮ್ದು ಎಲ್ಬೋ ಕೊಡ್ರೀ" ಎಂದ. ಭೀಮರಾಜ ಕೈ ಅಡ್ಡ ಹಿಡಿದು ಅವನನ್ನು ಸುಮ್ಮನಿರಿಸಿದ.

"ಏನಂತೆ?"

"ನೀವು ಬರ್ಬೇಕಂತೆ."

"ಎಲ್ಲಿಗೆ?"

"ಇಲ್ಲಿಗೆ. ಅವಳ ಮುಂದೆ ಕೂರ್ಬೇಕಂತೆ."

"ಊಟಕ್ಕಾ?"

ಹಿರುತ್ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದ ದನಿಯಲ್ಲಿ ಹೇಳಿದಳು.

"ಊಟಕ್ಕೂ."